ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ. ಸ್ವಂತ ಮಾತಿನಲ್ಲಿ ಪ್ರಾರ್ಥಿಸುವುದನ್ನು ಕಲಿಯುವುದು ಹೇಗೆ?

ಕೂಟದಲ್ಲಿ ಉಳಿದವರೆಲ್ಲ ಸರಾಗವಾಗಿ ಪ್ರಾರ್ಥಿಸುತ್ತಾರೆ, ನಿಮ್ಮ ಸರದಿ ಬಂದಾಗ ಬಾಯಿ ಕಟ್ಟುತ್ತದೆ, ಪುಸ್ತಕ ನೋಡಿ ಓದಿದರೆ ತಪ್ಪು ಮಾಡಿದ ಹಾಗೆ ಅನಿಸುತ್ತದೆ ಅಂದಿದ್ದೀರಿ. ಇದೇ ಹುಚ್ಚು ನನಗೂ ಹಿಡಿದಿತ್ತು. ಅದರಿಂದ ನಮ್ಮ ಮನೆಯಲ್ಲಿ ಏನಾಯಿತು ಕೇಳಿ.

ನಮ್ಮದು ಹೊಸನಗರದ ಕಡೆ ಸಣ್ಣ ಅಡಿಕೆ ತೋಟ. ಮನೆಮಾತು ಕೊಂಕಣಿ. ಕತ್ತಲಾಗುತ್ತಲೇ ಅಪ್ಪ ಮೇಣದಬತ್ತಿ ಹಚ್ಚಿ ತೆರ್ಸ್, ಅಂದರೆ ಜಪಸರ, ಶುರು ಮಾಡುತ್ತಿದ್ದರು. "ನಮಾನ್ ಮರಿಯೆ", ಅಂದರೆ ಮರಿಯಮ್ಮನಿಗೆ ವಂದಿಸುವ ಪ್ರಾರ್ಥನೆ, ಅದರ ಮೊದಲರ್ಧ ಅವರದ್ದು, ಉಳಿದರ್ಧ ನಮ್ಮೆಲ್ಲರದ್ದು. ಒಂದು ಸುತ್ತಿಗೆ 53 ಸಲ. ಮುಗಿದ ಮೇಲೆ ಚಿಕ್ಕವರು ಹಿರಿಯರ ಮುಂದೆ ಕೈ ಮುಗಿದು "ಬೆಸಾಂವ್", ಅಂದರೆ ಆಶೀರ್ವಾದ, ಕೇಳಬೇಕು, ಆಮೇಲೆ ಊಟ. ಅಡಿಕೆ ಸುಲಿಯುವ ದಿನಗಳಲ್ಲಂತೂ ಅರ್ಧ ಜನ ತೂಕಡಿಸುತ್ತಲೇ ಉತ್ತರ ಕೊಡುತ್ತಿದ್ದೆವು.

ಕೆಲಸಕ್ಕೆ ಶಿವಮೊಗ್ಗ ಸೇರಿದ ಮೇಲೆ ಒಂದು ಪ್ರಾರ್ಥನಾ ಗುಂಪಿಗೆ ಹೋಗತೊಡಗಿದೆ. ಒಳ್ಳೆಯ ಜನವೇ. ಆದರೆ ಅಲ್ಲೊಬ್ಬರು "ಗಿಳಿಪಾಠ ಪ್ರಾರ್ಥನೆ ಅಲ್ಲ" ಅಂದಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಊರಿಗೆ ಹೋದಾಗಲೆಲ್ಲ "ಅಪ್ಪ, ಇವತ್ತು ತೆರ್ಸ್ ಬೇಡ, ನಮ್ಮ ಮಾತಲ್ಲೇ ದೇವರ ಹತ್ತಿರ ಮಾತಾಡೋಣ" ಅನ್ನುತ್ತಿದ್ದೆ. ಅಪ್ಪನಿಗೆ ಅದು ಒಗ್ಗುತ್ತಿರಲಿಲ್ಲ. "ದೇವರೇ, ಈ ವರ್ಷ ಅಡಿಕೆಗೆ ಕೊಳೆರೋಗ ಬರದ ಹಾಗೆ ನೋಡಿಕೋ" ಅಂತ ಒಂದು ಸಾಲು ಹೇಳಿ ಸುಮ್ಮನಾಗುತ್ತಿದ್ದರು. (ನನ್ನ ಉದ್ದುದ್ದ ಭಾಷಣಕ್ಕಿಂತ ಅದೇ ಎಷ್ಟೋ ವಾಸಿ ಇತ್ತು.) ನಾನು ಶಿವಮೊಗ್ಗಕ್ಕೆ ವಾಪಸ್ ಬಂದ ಮೇಲೂ ಮನೆಯಲ್ಲಿ ತೆರ್ಸ್ ಮತ್ತೆ ಶುರುವಾಗಲಿಲ್ಲ. ಓದಿದ ಮಗ ಹೇಳಿದ್ದಾನೆ, ಸರಿಯೇ ಇರಬೇಕು ಅಂದುಕೊಂಡರೋ ಏನೋ.

ಆಮೇಲೊಂದು ಮಳೆಗಾಲ, ಕೊಳೆರೋಗದ ಔಷಧ ಬೋರ್ಡೋ ಹೊಡೆಸಲು ಮೈಲುತುತ್ತ ಕರಗಿಸುತ್ತಿದ್ದ ಅಪ್ಪನಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ಹೋಯಿತು. ಉಳಿದಿದ್ದು ಒಂದೇ ಪದ: ಮೈಲುತುತ್ತ. ನೀರು ಬೇಕಾದರೂ ಮೈಲುತುತ್ತ, ನನ್ನನ್ನು ಕರೆಯಲೂ ಮೈಲುತುತ್ತ. ಹೇಳಬೇಕಾದದ್ದು ಅದಲ್ಲ ಅಂತ ಅವರಿಗೇ ಗೊತ್ತಾಗಿ ಎಡಗೈಯಲ್ಲಿ ಮಂಚ ಗುದ್ದುತ್ತಿದ್ದರು.

ನಾನು ಪಕ್ಕದಲ್ಲಿ ಕೂತು ಮಾಡಿದ್ದೇನು ಗೊತ್ತಾ? ಅದೇ ಸ್ವಂತ ಮಾತಿನ ಪ್ರಾರ್ಥನೆ. "ತಂದೆಯೇ" ಅಂತ ಶುರು ಮಾಡುವುದು, ಮುಂದೇನೂ ಹೊಳೆಯದೆ ಕಿಟಕಿ ನೋಡುವುದು. ಅದು ಹೋಗಲಿ. ಅಪ್ಪನಿಗೂ "ನೀವೂ ಮನಸ್ಸಿನಿಂದ ಒಂದು ಮಾತು ಹೇಳಿ, ಪ್ರಯತ್ನ ಮಾಡಿ" ಅಂತ ಪೀಡಿಸುತ್ತಿದ್ದೆ. ಯೋಚಿಸಿ. ವಾಕ್ಯ ಕಟ್ಟುವ ಶಕ್ತಿಯೇ ಹೋದ ಮನುಷ್ಯನ ಹತ್ತಿರ ಹೊಸ ವಾಕ್ಯ ಕೇಳುತ್ತಿದ್ದೆ. ಚಿಕ್ಕಂದಿನಿಂದ ದಿನವೂ ಹೇಳಿದ ಮಾತು ಅವರೊಳಗೆ ಹಾಗೇ ಇತ್ತು. ಅದನ್ನು ಒಮ್ಮೆಯೂ ಶುರು ಮಾಡಿಕೊಡಲಿಲ್ಲ, ಯಾಕೆಂದರೆ ಅದು ಬಾಯಿಪಾಠ! ತಿಂಗಳುಗಟ್ಟಲೆ ಹೀಗೇ ಕಳೆದೆ.

ದೀಪಾವಳಿ ಹೊತ್ತಿಗೆ ಸೋದರತ್ತೆ ನೋಡಲು ಬಂದರು. ಅವರಿಗೆ ನನ್ನ ಸಿದ್ಧಾಂತವೆಲ್ಲ ಗೊತ್ತಿಲ್ಲ. ಸಂಜೆಯಾಯಿತು, ಕರೆಂಟ್ ಹೋಗಿತ್ತು, ಮಂಚದ ಬಳಿ ಕೂತು ತಮ್ಮ ಪಾಡಿಗೆ ತೆರ್ಸ್ ಹಿಡಿದರು. ಮೊದಲರ್ಧ ಮುಗಿಸಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅಪ್ಪ ಉಳಿದರ್ಧ ಹೇಳಿದರು. ಪೂರ್ತಿ. ನಾಲಿಗೆ ಹೊರಳಲು ಕಷ್ಟಪಡುತ್ತಿತ್ತು, ಪದ ಒಂದೂ ತಪ್ಪಲಿಲ್ಲ. ಕೊನೆಗೆ ಆಮೆನ್. ಅತ್ತೆ ಏನೂ ಆಗಿಲ್ಲವೆಂಬಂತೆ ಮುಂದಿನ ಮಣಿಗೆ ಹೋದರು. ನನ್ನ ಹೆಂಡತಿ ಮಾತ್ರ ಕಣ್ಣಲ್ಲೇ ನನ್ನನ್ನು ಸುಡುತ್ತಿದ್ದಳು.

ಸ್ಪೀಚ್ ಥೆರಪಿಸ್ಟ್‌ಗೆ ಆಶ್ಚರ್ಯವೇ ಆಗಲಿಲ್ಲ. ಈ ತೊಂದರೆಗೆ ಅಫೇಸಿಯಾ ಅನ್ನುತ್ತಾರೆ, ಹೆಚ್ಚಾಗಿ ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಬರುತ್ತದೆ. ಹೊಸ ವಾಕ್ಯ ಕಟ್ಟಲಾಗದ ಎಷ್ಟೋ ಮಂದಿ ಒಂದರಿಂದ ಹತ್ತು ಎಣಿಸಬಲ್ಲರು, ವಾರಗಳ ಹೆಸರು, ಹಳೇ ಹಾಡು, ಬಾಯಿಪಾಠದ ಪ್ರಾರ್ಥನೆ ಹೇಳಬಲ್ಲರು. "ಮನೆಯಲ್ಲಿ ಮೊದಲೇ ಯಾಕೆ ಹೇಳಿಸಲಿಲ್ಲ?" ಅಂತ ಕೇಳಿದರು. ನಾನೇನು ಹೇಳಲಿ?

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸ್ವಂತ ಮಾತು ಕಲಿಯಲೇಬೇಕು ಅಂತ ಯಾರು ಹೇಳಿದ್ದು? ಶಿಷ್ಯರು "ಪ್ರಾರ್ಥಿಸಲು ಕಲಿಸಿ" ಅಂದಾಗ ಯೇಸುಸ್ವಾಮಿ ಸಿದ್ಧ ಮಾತನ್ನೇ ಕೊಟ್ಟರು, ಬೈಬಲಿನ ಲೂಕ 11ರಲ್ಲಿದೆ. ಸುಮ್ಮನೆ ಬಡಬಡಿಸಬೇಡಿ ಅಂದಿದ್ದಾರಲ್ವಾ ಅಂತ ನಿಮ್ಮ ಕೂಟದವರು ಮತ್ತಾಯ 6:7 ತೋರಿಸಬಹುದು. ಎರಡು ವಚನ ಕೆಳಗೆ ಓದಲು ಹೇಳಿ. "ನಮ್ಮ ತಂದೆಯೇ" ಶುರುವಾಗುವುದೇ ಅಲ್ಲಿ. ಇನ್ನು ಶಿಲುಬೆಯ ಮೇಲೆ? "ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ" ಅನ್ನುವುದು ಬೈಬಲಿನ ಹಳೇ ಪ್ರಾರ್ಥನಾಗೀತೆಗಳಲ್ಲಿ, ಅಂದರೆ ಕೀರ್ತನೆಗಳಲ್ಲಿ, 22ನೆಯದರ ಮೊದಲ ಸಾಲು. "ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ" ಅನ್ನುವುದು 31ನೆಯದ್ದು. ಪ್ರಾಣ ಹೋಗುವ ಹೊತ್ತಿಗೆ ಅವರೇ ಹಳೇ ಮಾತು ಹಿಡಿದುಕೊಂಡರು. ನಿಮಗೆ, ನನಗೆ ಯಾಕೆ ಸಂಕೋಚ?

ಕೀರ್ತನೆ 13 ತೆಗೆಯಿರಿ. ಆರೇ ವಚನ. ಮೊದಲ ನಾಲ್ಕರಲ್ಲಿ ಬರೀ ಜಗಳ, ಐದರಲ್ಲಿ ನಂಬಿಕೆ ಬರುತ್ತದೆ. ಐದನೆಯದ್ದು ಸುಳ್ಳು ಅನಿಸಿದರೆ ನಾಲ್ಕಕ್ಕೇ ನಿಲ್ಲಿಸಿ, ನಾಳೆ ನೋಡಿದರಾಯಿತು. ತೀರಾ ಕೆಟ್ಟ ದಿನಕ್ಕೆ 88 ಇದೆ, ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲು ಕೊನೆಗೂ ಬರುವುದಿಲ್ಲ. ಅಂಥದ್ದನ್ನೂ ಬೈಬಲಿನಲ್ಲಿ ಇಟ್ಟಿದ್ದಾರೆ. ಮನಸ್ಸಲ್ಲೇ ಓದಬೇಡಿ, ನಾಲಿಗೆ ಆಡಲಿ. ದನಿ ಹೊರಡದಿದ್ದರೂ ಅಡ್ಡಿಯಿಲ್ಲ. ಬೈಬಲಿನಲ್ಲಿ ಹನ್ನ ಅನ್ನುವ ಹೆಂಗಸು ಪ್ರಾರ್ಥಿಸುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು, ಯಾಜಕ ಏಲಿ ಅವಳನ್ನು ಕುಡುಕಿ ಅಂದುಕೊಂಡ. ಅಷ್ಟೂ ಆಗದಿದ್ದರೆ ರೋಮಾ 8:26 ಓದಿ: ನಮಗೆ ಪ್ರಾರ್ಥಿಸಲು ಗೊತ್ತಿಲ್ಲದಾಗ ಪವಿತ್ರಾತ್ಮರೇ ನಮಗಾಗಿ ಬೇಡುತ್ತಾರೆ ಅನ್ನುತ್ತಾನೆ ಪೌಲ.

ಕೂಟದಲ್ಲಿ ನಿಮ್ಮ ಸರದಿ ಬಂದಾಗ "ನಮ್ಮ ತಂದೆಯೇ" ಹೇಳಿ, ಆಮೆನ್ ಅಂದು ಕೂತುಬಿಡಿ. ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ. ಅಲ್ಲಿ ತೀರಾ ಕಿರಿಕಿರಿ ಅನಿಸಿದರೆ ಸ್ವಲ್ಪ ದಿನ ಕೂಟ ತಪ್ಪಿಸಿ, ಮನೆಯಲ್ಲಿ ದೊಡ್ಡವರು ಯಾರಾದರೂ ಇದ್ದರೆ ಅವರ ಜೊತೆ ಕೂತು ಅವರು ಹೇಳುವುದನ್ನೇ ಹೇಳಿ.