ಕೇಳುವವರ ವೋಟಿಗೆ ಬೆಲೆ ಇಲ್ಲವೇ?

ಅಮೆರಿಕದ ಡಲ್ಲಾಸ್‌ನಿಂದ ನಮ್ಮ ಹಳೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಇಷ್ಟು:

‘ಇಲ್ಲಿ ಸಿಎಂಟಿ ಎಂಬ ಟಿವಿ ಚಾನೆಲ್ ಪ್ರತಿ ವರ್ಷ ಕಂಟ್ರಿ ಸಂಗೀತಕ್ಕೆ, ಅಂದರೆ ಇಲ್ಲಿನ ಹಳ್ಳಿಗಾಡಿನ ಹಾಡುಗಳಿಗೆ, ಪ್ರಶಸ್ತಿ ಕೊಡುತ್ತಿತ್ತು. ಯಾರು ಗೆಲ್ಲಬೇಕು ಎಂದು ತೀರ್ಮಾನಿಸುವವರು ಅಭಿಮಾನಿಗಳು. ನನ್ನ ಮಗಳು ಪರೀಕ್ಷೆ ಹತ್ತಿರ ಬಂದರೂ ಫೋನ್ ಹಿಡಿದು ದಿನಾ ಒಬ್ಬಳೇ ಗಾಯಕಿಗೆ ವೋಟು ಒತ್ತುತ್ತ ಕೂರುತ್ತಿದ್ದಳು. 2025ರಲ್ಲಿ ಆ ಕಾರ್ಯಕ್ರಮ ನಿಂತುಹೋಯಿತು. ಒಳ್ಳೆಯದೇ ಆಯಿತು. ಸಂಗೀತದ ಗಂಧ ಇಲ್ಲದವರು ಸಂಗೀತಕ್ಕೆ ಪ್ರಶಸ್ತಿ ಕೊಡುವುದೆಂದರೇನು? ತಿಳಿದವರು ಆರಿಸುವ ಸಿಎಂಎ ಪ್ರಶಸ್ತಿ ಇದೆ, ಅದು ಸಾಕು. ನೀವೂ ದೀಪಾವಳಿ ಕಥಾಸ್ಪರ್ಧೆಯಲ್ಲಿ ಕೊಡುವ ಓದುಗರ ಮೆಚ್ಚುಗೆಯ ಬಹುಮಾನವನ್ನು ಇನ್ನಾದರೂ ಕೈಬಿಡಿ.’

ಮಾನ್ಯರೇ, ಅಷ್ಟು ದೂರದಲ್ಲಿದ್ದೂ ಪತ್ರಿಕೆಯನ್ನು ಇಷ್ಟು ಗಮನವಿಟ್ಟು ಓದುತ್ತೀರಿ, ಒಪ್ಪದ್ದನ್ನು ನೇರವಾಗಿ ಬರೆಯುತ್ತೀರಿ. ಅದಕ್ಕೆ ನಮಸ್ಕಾರ. ನಿಮ್ಮ ಮಾತಿನಲ್ಲಿ ಸ್ವಲ್ಪ ನಿಜವಿದೆ. ಇಂಟರ್‌ನೆಟ್ ವೋಟಿನಲ್ಲಿ ಒಬ್ಬರೇ ಹತ್ತಾರು ಸಲ ಒತ್ತಬಹುದು. ಬಿಡುವು ಜಾಸ್ತಿ ಇದ್ದವರ ದನಿ ದೊಡ್ಡದಾಗುತ್ತದೆ. ಗೆದ್ದವರೇ ಮತ್ತೆ ಮತ್ತೆ ಗೆಲ್ಲುತ್ತಾರೆ. ವೋಟಿಗೆ ಇಡುವ ಪಟ್ಟಿಯನ್ನು ಮಾಡುತ್ತಿದ್ದದ್ದೂ ಚಾನೆಲ್ಲೇ. ಇದೆಲ್ಲ ಒಪ್ಪಿದೆ.

ಆದರೆ ಆ ಪ್ರಶಸ್ತಿ ಹುಟ್ಟಿದ್ದು ಹೇಗೆ ಗೊತ್ತೇ? ಒಂದು ಪತ್ರಿಕೆಯ ಓದುಗರಿಂದ. 1963ರಲ್ಲಿ ಫ್ಯಾರನ್ ಯಂಗ್ ಎಂಬ ಗಾಯಕ ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನಲ್ಲಿ ‘ಮ್ಯೂಸಿಕ್ ಸಿಟಿ ನ್ಯೂಸ್’ ಎಂಬ ಪತ್ರಿಕೆ ಶುರುಮಾಡಿದ. 1967ರಿಂದ ಅದರ ಓದುಗರು ತಮ್ಮ ಮೆಚ್ಚಿನ ಹಾಡುಗಾರರಿಗೆ ವೋಟು ಹಾಕತೊಡಗಿದರು. ಓದುಗರೆಂದರೆ ಯಾರು? ರೈತರು, ಲಾರಿ ಓಡಿಸುವವರು, ಗಿರಣಿಗೆ ಹೋಗುವವರು, ಮನೆ ನೋಡಿಕೊಳ್ಳುವ ಹೆಂಗಸರು. ಆ ಪ್ರಶಸ್ತಿಯೇ ಮುಂದೆ ಟಿವಿಗೆ ಬಂತು. ಹೆಸರು ಬದಲಾಯಿತು, ಕೈ ಬದಲಾಯಿತು. 2002ರಲ್ಲಿ ಸಿಎಂಟಿ ಅದನ್ನು ಹಾಡಿನ ವಿಡಿಯೊಗಳ ಪ್ರಶಸ್ತಿಯಾಗಿ ಮಾಡಿತು, 2005ರಲ್ಲಿ ಸಿಎಂಟಿ ಮ್ಯೂಸಿಕ್ ಅವಾರ್ಡ್ಸ್ ಎಂಬ ಹೆಸರು ಬಂತು. 2022ರಿಂದ ಸಿಬಿಎಸ್ ಟಿವಿಯಲ್ಲಿ ಪ್ರಸಾರವಾಗುತ್ತಿತ್ತು. 2023 ಮತ್ತು 2024ರಲ್ಲಿ ಅದು ನಡೆದದ್ದು ಆಸ್ಟಿನ್‌ನಲ್ಲಿ, ನಿಮ್ಮ ಊರಿನಿಂದ ಮೂರು ಗಂಟೆಯ ದಾರಿ. ಇಷ್ಟೆಲ್ಲ ಆದರೂ ಒಂದು ವಿಷಯ ಹಾಗೇ ಉಳಿದಿತ್ತು: ವೋಟು ಕೇಳುಗರದ್ದು. ಪತ್ರಿಕೆ ನಡೆಸುವವನಾಗಿ ನನಗೆ ಈ ಕಥೆ ತುಂಬ ಹತ್ತಿರದ್ದು.

ಇನ್ನು ನೀವು ಹೊಗಳುವ ಸಿಎಂಎ. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ 1958ರಲ್ಲಿ ಹುಟ್ಟಿದ ಸಂಸ್ಥೆ. ಅದರ ಮೊದಲ ಪ್ರಶಸ್ತಿಯೂ 1967ರದ್ದೇ. ಅಲ್ಲಿ ವೋಟು ಹಾಕುವವರು ಸಂಸ್ಥೆಯ ಸದಸ್ಯರು: ಹಾಡುವವರು, ಹಾಡು ಬರೆಯುವವರು, ರೆಕಾರ್ಡ್ ಕಂಪನಿಯವರು, ರೇಡಿಯೊದವರು, ಮ್ಯಾನೇಜರುಗಳು. ಅಂದರೆ ಆ ವ್ಯಾಪಾರದಲ್ಲಿ ಇರುವವರೇ. ಅವರಿಗೆ ಸಂಗೀತ ಗೊತ್ತು, ಅನುಮಾನವಿಲ್ಲ. ಆದರೆ ಮದುವೆ ಊಟ ಹೇಗಿತ್ತು ಎಂದು ಅಡುಗೆಯವರನ್ನು ಮಾತ್ರ ಕೇಳಿದರೆ ಸಾಕೇ? ಪಂಕ್ತಿಯಲ್ಲಿ ಕೂತು ಉಂಡವರನ್ನು ಕೇಳುವುದು ಬೇಡವೇ?

ತಿಳಿದವರು ಎನ್ನುತ್ತೀರಲ್ಲ, ಆ ತಿಳಿದವರು ಹೇಗೆ ನಡೆದುಕೊಂಡರು ನೋಡಿ. 1974ರಲ್ಲಿ ಸಿಎಂಎ ಸದಸ್ಯರು ವರ್ಷದ ಗಾಯಕಿ ಎಂದು ಒಲಿವಿಯಾ ನ್ಯೂಟನ್-ಜಾನ್ ಅವರನ್ನು ಆರಿಸಿದರು. ಇಂಗ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದ ಪಾಪ್ ಗಾಯಕಿ ಆಕೆ. ನ್ಯಾಶ್‌ವಿಲ್‌ನ ಹಳಬರಿಗೆ ಸಿಟ್ಟು ಬಂತು. ಗಾಯಕ ದಂಪತಿ ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್ ಅವರ ಮನೆಯಲ್ಲಿ ಸಭೆ ಸೇರಿ ಬೇರೆಯದೇ ಒಂದು ಸಂಘ ಕಟ್ಟಿದರು. ಮರುವರ್ಷ ಇನ್ನೂ ಕೆಟ್ಟದಾಯಿತು. ವರ್ಷದ ಕಲಾವಿದನ ಹೆಸರು ಓದಲು ವೇದಿಕೆಗೆ ಬಂದ ಗಾಯಕ ಚಾರ್ಲಿ ರಿಚ್, ಹಳಬರು ಪಾಪ್ ಗಾಯಕನೆಂದೇ ಎಣಿಸುತ್ತಿದ್ದ ಜಾನ್ ಡೆನ್ವರ್ ಹೆಸರನ್ನು ಚೀಟಿಯಲ್ಲಿ ನೋಡಿದ. ಜೇಬಿನಿಂದ ಲೈಟರ್ ತೆಗೆದು ಆ ಚೀಟಿಗೆ ಬೆಂಕಿ ಹಚ್ಚಿದ. ದೇಶವೆಲ್ಲ ಟಿವಿಯಲ್ಲಿ ನೋಡುತ್ತಿತ್ತು. ಅವನು ಯಾಕೆ ಹಾಗೆ ಮಾಡಿದ ಎಂಬುದರ ಬಗ್ಗೆ ಇವತ್ತಿಗೂ ಒಂದೊಂದು ಮಾತಿದೆ. ಏನೇ ಇರಲಿ, ಆ ರಾತ್ರಿ ಆರಿಸಿದವರೂ ಒಳಗಿನವರು, ಸುಟ್ಟವನೂ ಒಳಗಿನವನೇ. ಕೇಳುಗರು ಜಾನ್ ಡೆನ್ವರ್ ಹಾಡುಗಳನ್ನು ಕೇಳುವುದನ್ನು ಬಿಟ್ಟರೇ? ಇಲ್ಲ.

ಅದಕ್ಕೂ ಹಿಂದಿನದೊಂದು ಸಂಗತಿ ಇದೆ. ಚಾರ್ಲಿ ಪ್ರೈಡ್ ಮಿಸಿಸಿಪಿಯ ಹತ್ತಿ ಹೊಲದ ಕಪ್ಪು ಹುಡುಗ. 1966ರಲ್ಲಿ ಆರ್‌ಸಿಎ ಕಂಪನಿ ಅವನ ಮೊದಲ ರೆಕಾರ್ಡುಗಳನ್ನು ರೇಡಿಯೊ ಕೇಂದ್ರಗಳಿಗೆ ಕಳಿಸುವಾಗ ಜೊತೆಗೆ ಫೋಟೊ ಇಡಲಿಲ್ಲ. ಕಂಟ್ರಿ ಕೇಳುವ ಬಿಳಿಯರು ಒಪ್ಪುವುದಿಲ್ಲ ಎಂಬ ಭಯ. ಡೆಟ್ರಾಯಿಟ್‌ನಲ್ಲಿ ದೊಡ್ಡ ಸಭೆಯ ಮುಂದೆ ಅವನು ವೇದಿಕೆಗೆ ಬಂದಾಗ ಚಪ್ಪಾಳೆ ಥಟ್ಟನೆ ನಿಂತಿತು. ಅವನು ತನ್ನ ಬಣ್ಣದ ಬಗ್ಗೆ ತಾನೇ ಒಂದು ತಮಾಷೆಯ ಮಾತು ಆಡಿದ, ಆಮೇಲೆ ಹಾಡಿದ. ಜನ ಮನಸಾರೆ ಚಪ್ಪಾಳೆ ತಟ್ಟಿದರು. ಮುಂದೆ ಅವನ ಹಾಡುಗಳು ಒಂದಾದ ಮೇಲೊಂದು ಮೊದಲ ಸ್ಥಾನಕ್ಕೆ ಹೋದವು. 1971ರಲ್ಲಿ ಸಿಎಂಎ ಕೂಡ ಅವನನ್ನು ವರ್ಷದ ಕಲಾವಿದ ಎಂದಿತು. ಜನ ಒಪ್ಪುವುದಿಲ್ಲ ಎಂದು ಜನರ ಪರವಾಗಿ ಹೆದರಿದವರು ಯಾರು? ಎಲ್ಲ ಬಲ್ಲೆವು ಎಂದುಕೊಂಡ ಕಂಪನಿಯವರು.

ಗಾಯಕಿ ಲೊರೆಟ್ಟಾ ಲಿನ್ ವಿಷಯಕ್ಕೆ ಬಂದರೆ ನನಗೆ ಬೇಗ ಮುಗಿಸಲು ಆಗುವುದಿಲ್ಲ. ಕೆಂಟಕಿಯ ಕಲ್ಲಿದ್ದಲು ಗಣಿ ಕೆಲಸಗಾರನ ಮಗಳು. 15ನೇ ವಯಸ್ಸಿಗೆ ಮದುವೆ. 1960ರಲ್ಲಿ ಮೊದಲ ರೆಕಾರ್ಡು ಬಂದಾಗ ಗಂಡ ಹೆಂಡತಿ ಕಾರಿನಲ್ಲಿ ರೇಡಿಯೊ ಕೇಂದ್ರದಿಂದ ಕೇಂದ್ರಕ್ಕೆ ಅಲೆದು ‘ನನ್ನ ಹಾಡು ಹಾಕಿ’ ಎಂದು ಕೇಳಿಕೊಂಡರು. ಅವಳಿಗೆ ಬೆನ್ನೆಲುಬಾದವರು ಕೊಲೊರಾಡೊದ ವೈಲ್ಡ್ ಹಾರ್ಸ್ ಎಂಬ ಪುಟ್ಟ ಹಳ್ಳಿಯ ಮೂವರು ಅಕ್ಕತಂಗಿಯರು, ಜಾನ್ಸನ್ ಸಹೋದರಿಯರು. ತಮ್ಮ ಮನೆಯಿಂದಲೇ ಅವಳ ಅಭಿಮಾನಿ ಸಂಘ ನಡೆಸಿದರು. ಆಮೇಲೆ ಎಲ್ಲ ಗಾಯಕರ ಅಭಿಮಾನಿ ಸಂಘಗಳನ್ನು ಸೇರಿಸಿ ದೊಡ್ಡದೊಂದು ಒಕ್ಕೂಟವನ್ನೇ ಕಟ್ಟಿದರು. ಸಂಬಳಕ್ಕಾಗಿ ಮಾಡಿದ್ದಲ್ಲ, ಒಂದು ದನಿಯ ಮೇಲಿನ ಪ್ರೀತಿಗಾಗಿ ಮಾಡಿದ್ದು. ಮ್ಯೂಸಿಕ್ ಸಿಟಿ ನ್ಯೂಸ್ ಓದುಗರು ಲೊರೆಟ್ಟಾಳನ್ನು ಹಲವು ವರ್ಷ ಮೆಚ್ಚಿನ ಗಾಯಕಿ ಎಂದು ಆರಿಸಿದರು. 1972ರಲ್ಲಿ ಸಿಎಂಎ ವರ್ಷದ ಕಲಾವಿದೆ ಆದಳು, ಆ ಗೌರವ ಪಡೆದ ಮೊದಲ ಹೆಂಗಸು.

1975ರಲ್ಲಿ ಅವಳು ಗರ್ಭನಿರೋಧಕ ಮಾತ್ರೆಯ ಬಗ್ಗೆ ಒಂದು ಹಾಡು ಹಾಡಿದಳು. ವರ್ಷ ವರ್ಷ ಹೆತ್ತು ಸುಸ್ತಾದ ಹೆಂಡತಿ ಗಂಡನಿಗೆ ಇನ್ನು ಸಾಕು ಎನ್ನುವ ಹಾಡು. ಎಷ್ಟೋ ರೇಡಿಯೊ ಕೇಂದ್ರಗಳು ಅದನ್ನು ಹಾಕಲೇ ಇಲ್ಲ. ಪಾದ್ರಿಗಳು ಬೈದರು. ಆದರೂ ಅದು ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಹೋಯಿತು. ಹೇಗೆ? ಹೆಂಗಸರು ಅಂಗಡಿಗೆ ಹೋಗಿ ಕೊಂಡರು. ಮನೆ ಕೆಲಸ, ಮಕ್ಕಳು, ಮೈನೋವು ಎಲ್ಲ ಗೊತ್ತಿದ್ದ ಆ ಹೆಂಗಸರಿಗೆ ಆ ಹಾಡಿನ ಬೆಲೆ ರೇಡಿಯೊ ಮ್ಯಾನೇಜರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರನ್ನು ಸಂಗೀತದ ಗಂಧ ಇಲ್ಲದವರು ಎಂದರೆ ನಾನು ಸುಮ್ಮನಿರಲಾರೆ.

ಇದು ಹಳೆಯ ಕಾಲದ ಮಾತು ಎನ್ನಬೇಡಿ. 2015ರಲ್ಲಿ ಕೀತ್ ಹಿಲ್ ಎಂಬ ರೇಡಿಯೊ ಸಲಹೆಗಾರ ಬಹಿರಂಗವಾಗಿಯೇ ಹೇಳಿದ: ಕೇಳುಗರು ಜಾಸ್ತಿ ಬೇಕಿದ್ದರೆ ಹೆಂಗಸರ ಹಾಡು ಕಡಿಮೆ ಮಾಡಿ. ಗಂಡಸರು ಸಲಾಡ್‌ನ ಸೊಪ್ಪು, ಹೆಂಗಸರು ಮೇಲೆ ಉದುರಿಸುವ ಟೊಮೆಟೊ ಎಂದ. ದೊಡ್ಡ ಗಲಾಟೆ ಆಯಿತು. ಗಾಯಕಿಯರು ಟೊಮೆಟೊ ಬರೆದ ಅಂಗಿ ತೊಟ್ಟರು. ಇಬ್ಬರು ಹೆಂಗಸರ ಹಾಡನ್ನು ಬೆನ್ನು ಬೆನ್ನಿಗೆ ಹಾಕಬಾರದು ಎನ್ನುವುದು ಆ ರೇಡಿಯೊಗಳಲ್ಲಿ ಬರೆಯದ ಕಾನೂನಾಗಿತ್ತು. ಇದೂ ತಿಳಿದವರದ್ದೇ ಕಾನೂನು.

ಅದೇ ಹೊತ್ತಿನಲ್ಲಿ ಅಭಿಮಾನಿಗಳ ವೋಟು ಏನು ಮಾಡುತ್ತಿತ್ತು? ಸಿಎಂಟಿ ಪ್ರಶಸ್ತಿಗಳ ಇತಿಹಾಸದಲ್ಲೇ ಎಲ್ಲರಿಗಿಂತ ಹೆಚ್ಚು ಪ್ರಶಸ್ತಿ ಪಡೆದವರು ಒಬ್ಬ ಹೆಣ್ಣುಮಗಳು, ಕ್ಯಾರಿ ಅಂಡರ್‌ವುಡ್. ಓಕ್ಲಹೋಮಾದ ಚೆಕೋಟಾ ಎಂಬ ಸಣ್ಣ ಊರಿನವರು. 2005ರಲ್ಲಿ ‘ಅಮೆರಿಕನ್ ಐಡಲ್’ ಎಂಬ ಟಿವಿ ಹಾಡಿನ ಸ್ಪರ್ಧೆ ಗೆದ್ದು ಬಂದರು, ಅದೂ ಜನರ ವೋಟಿನಿಂದಲೇ. ಆದರೆ ಸಿಎಂಎ ಅವರಿಗೆ ವರ್ಷದ ಕಲಾವಿದೆ ಎಂಬ ಪಟ್ಟವನ್ನು ಒಂದು ಸಲವೂ ಕೊಡಲಿಲ್ಲ. 2019ರಲ್ಲಿ ಅವರಿಗೇ ಬರುತ್ತದೆ ಎಂದು ಎಷ್ಟೋ ಜನ ಕಾದಿದ್ದರು. ಬಂದದ್ದು ಗಾಯಕ ಗಾರ್ತ್ ಬ್ರೂಕ್ಸ್‌ಗೆ, 7ನೇ ಸಲ. ಮರುವರ್ಷ ಬ್ರೂಕ್ಸ್ ತಾವೇ ಆ ಸ್ಪರ್ಧೆಯಿಂದ ಹಿಂದೆ ಸರಿದರು, ಅದು ಅವರ ದೊಡ್ಡತನ. 2011ರಲ್ಲಿ ಟೇಲರ್ ಸ್ವಿಫ್ಟ್ ಗೆದ್ದ ಮೇಲೆ ಆ ಪಟ್ಟ ಮತ್ತೊಬ್ಬ ಹೆಂಗಸಿಗೆ ಸಿಕ್ಕಿದ್ದು 2023ರಲ್ಲಿ, ಲೇನಿ ವಿಲ್ಸನ್‌ಗೆ. ನಡುವಿನ ಅಷ್ಟೂ ವರ್ಷ ಹೆಂಗಸರು ಹಾಡಲಿಲ್ಲವೇ?

ಜೆಲ್ಲಿ ರೋಲ್ ಎಂಬ ಹೆಸರು ನಿಮ್ಮ ಮಗಳಿಗೆ ಖಂಡಿತ ಗೊತ್ತಿರುತ್ತದೆ. ನ್ಯಾಶ್‌ವಿಲ್‌ನ ಆಂಟಿಯಾಕ್ ಬಡಾವಣೆಯ ಹುಡುಗ, ಹದಿಹರೆಯದಲ್ಲೇ ಜೈಲು ಕಂಡವನು, ಮುಖದ ತುಂಬ ಹಚ್ಚೆ, ಆಗ ಭಾರಿ ಮೈ. ಮೊದಲು ರ‍್ಯಾಪ್ ಹಾಡುತ್ತಿದ್ದ. ಟಿವಿಯವರು ಕನಸಿನಲ್ಲೂ ಆರಿಸದ ರೂಪ. 2023ರ ಏಪ್ರಿಲ್‌ನಲ್ಲಿ ಆಸ್ಟಿನ್‌ನಲ್ಲಿ ಅಭಿಮಾನಿಗಳು ಅವನಿಗೆ 3 ಸಿಎಂಟಿ ಪ್ರಶಸ್ತಿ ಕೊಟ್ಟರು. ಸಿಎಂಎ ಅವನನ್ನು ವರ್ಷದ ಹೊಸ ಕಲಾವಿದ ಎಂದದ್ದು ನವೆಂಬರ್‌ನಲ್ಲಿ. ಅವನ ಹಾಡುಗಳಲ್ಲಿ ಕುಡಿತ, ಮಾದಕದ್ರವ್ಯ, ತಪ್ಪು ಮಾಡಿದವನ ಪ್ರಾರ್ಥನೆ ಇರುತ್ತವೆ. ಅಮೆರಿಕದಲ್ಲಿ ಮನೆಮನೆಯಲ್ಲಿ ಆ ನೋವು ಇದೆ. ಮನೆಯಲ್ಲಿ ಅದನ್ನು ಕಂಡವರು ವೋಟು ಹಾಕಿದರು. ಇದಕ್ಕಿಂತ ದೊಡ್ಡ ತಿಳಿವಳಿಕೆ ಯಾವುದು?

ನನ್ನ ಬೇಸರ ಕಂಟ್ರಿ ಸಂಗೀತದ ಬಗ್ಗೆ ಮಾತ್ರ ಅಲ್ಲ. ನಮ್ಮಲ್ಲೂ ಇದೇ ರೋಗ ಇದೆ. ಒಂದು ಪುಸ್ತಕ ಸಾವಿರಾರು ಜನ ಓದಿದರೆ ಅದಕ್ಕೆ ‘ಜನಪ್ರಿಯ’ ಎಂಬ ಹಣೆಪಟ್ಟಿ ಅಂಟಿಸಿ ಬದಿಗೆ ಸರಿಸುತ್ತೇವೆ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಕಾದಂಬರಿ ತಂದು, ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಓದಿ, ಮರುದಿನ ಪಕ್ಕದ ಮನೆಯವರ ಜೊತೆ ಅದರ ಬಗ್ಗೆ ಜಗಳವಾಡಿದ ಹೆಂಗಸರು ಕನ್ನಡದ ಓದನ್ನು ಉಳಿಸಿದರು. ಅವರ ಅಭಿಪ್ರಾಯವನ್ನು ಯಾವ ಸಮಿತಿ ಕೇಳಿತು? ರೇಡಿಯೊಗೆ ಕಾರ್ಡು ಬರೆದು ಇಂಥ ಹಾಡು ಹಾಕಿ ಎಂದು ಕೋರಿ, ತಮ್ಮ ಊರಿನ ಹೆಸರು ಬರುತ್ತದೆಂದು ಕಿವಿಗೊಟ್ಟು ಕೂತವರು ನಮ್ಮ ಸಿನಿಮಾ ಸಂಗೀತವನ್ನು ಬೆಳೆಸಿದರು. ಈಗ ಮುಂದಿನ ಹಾಡು ಯಾವುದು ಎಂದು ಆ್ಯಪ್ ತೀರ್ಮಾನಿಸುತ್ತದೆ. ನಾವು ಕೇಳುತ್ತ ಹೋಗುತ್ತೇವೆ.

ನಮ್ಮ ಕಥಾಸ್ಪರ್ಧೆಯ ವಿಷಯ. ತೀರ್ಪುಗಾರರ ಮೇಲೆ ನನಗೆ ಪೂರ್ತಿ ಗೌರವವಿದೆ, ಅವರು ಒಂದೊಂದು ಕಥೆಯನ್ನೂ ಎಷ್ಟು ಶ್ರದ್ಧೆಯಿಂದ ಓದುತ್ತಾರೆ ಎಂದು ಹತ್ತಿರದಿಂದ ಕಂಡಿದ್ದೇನೆ. ಆದರೆ ಹಿಂದೊಮ್ಮೆ ಅವರು ಬಹುಮಾನಕ್ಕೆ ಪರಿಗಣಿಸದೆ ಬರಿ ಪ್ರಕಟಣೆಗೆ ಬಿಟ್ಟ ಕಥೆಯೊಂದಕ್ಕೆ ಓದುಗರ ವೋಟಿನ ಕೂಪನ್‌ಗಳು ರಾಶಿ ಬಿದ್ದವು. ಮಾವನ ಮನೆಯಲ್ಲಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರ ಊಟ ಆದ ಮೇಲೆ ಉಳಿದದ್ದನ್ನು ಉಣ್ಣುವ ಸೊಸೆಯ ಕಥೆ ಅದು. ಕೆಲವು ಕೂಪನ್‌ಗಳ ಹಿಂದೆ ‘ಇದು ನನ್ನದೇ ಕಥೆ’ ಎಂದು ಬರೆದಿತ್ತು. ಆ ಲೇಖಕಿ ಈಗಲೂ ನಮಗೆ ಬರೆಯುತ್ತಾರೆ. ಓದುಗರ ಬಹುಮಾನ ಇರಲಿಲ್ಲವೆಂದರೆ ಅವರು ಎರಡನೇ ಕಥೆ ಬರೆಯುತ್ತಿದ್ದರೇ ಎಂಬ ಅನುಮಾನ ನನಗಿದೆ. ಹಾಗಾಗಿ ಆ ಬಹುಮಾನ ಮುಂದುವರಿಯುತ್ತದೆ. ಒಬ್ಬರಿಗೆ ಒಂದೇ ಕೂಪನ್, ಜೆರಾಕ್ಸ್ ನಡೆಯುವುದಿಲ್ಲ.

ಮಗಳ ಬಗ್ಗೆಯೂ ಒಂದು ಮಾತು, ತಪ್ಪು ತಿಳಿಯಬೇಡಿ. ಪರೀಕ್ಷೆ ಇದ್ದಾಗ ಫೋನ್ ಕೆಳಗಿಡಬೇಕು, ಅದು ಸರಿ. ಆದರೆ ಯಾವ ಗಾಯಕಿಗೆ ವೋಟು ಹಾಕುತ್ತಿದ್ದಳು ಎಂಬುದನ್ನು ನೀವು ಬರೆದೇ ಇಲ್ಲ. ಒಂದು ಸಂಜೆ ಅವಳ ಪಕ್ಕ ಕೂತು ಆ ಹಾಡು ಕೇಳಿ. ಪರದೇಶದಲ್ಲಿ ಬೆಳೆಯುವ ಹುಡುಗಿ, ಆ ನೆಲದ ರೈತರ, ಕೂಲಿಯವರ ಹಾಡನ್ನು ತನ್ನದು ಮಾಡಿಕೊಂಡಿದ್ದಾಳೆ. ಅದು ನನಗೆ ಸಂತೋಷದ ವಿಷಯ.

ಕೊನೆಗೆ, ಆ ಕಾರ್ಯಕ್ರಮ ನಿಂತದ್ದಕ್ಕೆ ನೀವು ಖುಷಿಪಟ್ಟದ್ದು ನನಗೆ ಸರಿಕಾಣಲಿಲ್ಲ. ಅದನ್ನು ನಿಲ್ಲಿಸಿದ್ದು ಸಂಗೀತ ಬಲ್ಲವರಲ್ಲ. ಚಾನೆಲ್‌ನ ಒಡೆತನವಿರುವ ಪ್ಯಾರಮೌಂಟ್ ಕಂಪನಿ. 2020ರ ಜನವರಿಯಲ್ಲಿ ಗಂಡಸರಿಗೂ ಹೆಂಗಸರಿಗೂ ವಿಡಿಯೊ ಸಮಯ ಸರಿಸಮ ಎಂದು ಘೋಷಿಸಿದ್ದ ಚಾನೆಲ್ ಅದು, ರೇಡಿಯೊಗಳು ಮಾಡದ ಕೆಲಸವನ್ನು ಮಾಡಿ ತೋರಿಸಿತ್ತು. ಓದುಗರ ವೋಟಿನಿಂದ 1967ರಲ್ಲಿ ಶುರುವಾದ ಪ್ರಶಸ್ತಿಯನ್ನು ನಿಲ್ಲಿಸುವಾಗ ಆ ಓದುಗರ, ಕೇಳುಗರ ಮಾತನ್ನು ಯಾರೂ ಕೇಳಲಿಲ್ಲ. ಎನ್‌ಬಿಸಿ ಟಿವಿಯವರು 2023ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ಸಭಾಂಗಣದಿಂದ ಪೀಪಲ್ಸ್ ಚಾಯ್ಸ್ ಕಂಟ್ರಿ ಅವಾರ್ಡ್ಸ್ ಎಂಬ ಹೊಸ ಕಾರ್ಯಕ್ರಮ ಶುರುಮಾಡಿದರು. ಅದರಲ್ಲೂ ಆರಿಸಿದವರು ಜನರೇ. ಕಂಪನಿಗಳ ಲೆಕ್ಕಾಚಾರದಲ್ಲಿ ಇಂಥ ಪ್ರಶಸ್ತಿಗಳು ಎಷ್ಟು ದಿನ ಬಾಳುತ್ತವೋ ಎಂಬ ಚಿಂತೆ ನನಗಿದೆ.

– ಸಂಪಾದಕ