ನೀವು ಕೇಳಿದಿರಿ: ಗಪ್ಪಿ ಮೀನು

ಪ್ರಶ್ನೆ: ಎರಡು ತಿಂಗಳಿಂದ ಹೆಣ್ಣು ಗಪ್ಪಿ ಒಂದೇ ಇದೆ. ಆದರೂ ಎರಡು ಸಲ ಮರಿ ಹಾಕಿದೆ. ಹೇಗೆ? (ದಾವಣಗೆರೆ)

ಅದು ಅಂಗಡಿಯ ಟ್ಯಾಂಕಿನಲ್ಲೇ ಗಂಡಿನ ಜೊತೆ ಕೂಡಿರುತ್ತದೆ. ಗಂಡಿನ ಹೊಟ್ಟೆಯ ಅಡಿಯ ಒಂದು ಈಜುರೆಕ್ಕೆ ಕಡ್ಡಿಯಂತೆ ಸಪೂರವಾಗಿರುವುದನ್ನು ನೋಡಿರಬಹುದು, ಅದೇ ಗೊನೊಪೋಡಿಯಂ. ಅದರ ಮೂಲಕ ಸೇರಿದ ವೀರ್ಯವನ್ನು ಹೆಣ್ಣು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಂಡು, ಮೂರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಹಾಗಾಗಿ ಒಂದೇ ತಳಿ ಬೇಕೆನ್ನುವವರು ಅಂಗಡಿಯ ದೊಡ್ಡ ಹೆಣ್ಣನ್ನು ನಂಬಬಾರದು. ಮರಿಗಳಿಗೆ ಮೂರು ವಾರ ತುಂಬುತ್ತಲೇ ಹೊಟ್ಟೆಯ ಹಿಂತುದಿಯಲ್ಲಿ, ಗುದದ್ವಾರದ ಹತ್ತಿರ ಕಪ್ಪು ಚುಕ್ಕೆ ಮೂಡಿದವನ್ನು ಬೇರೆ ಮಾಡಿ, ಅವು ಹೆಣ್ಣು.

ತಾಯಿ ಮರಿಗಳನ್ನು ತಿಂದುಬಿಡುತ್ತದೆ. ಜಾವಾ ಮಾಸ್ ಎಂಬ ನೀರಿನ ಪಾಚಿಗಿಡವನ್ನು ದಟ್ಟವಾಗಿ ಹಾಕಿದರೆ ಸಾಕಷ್ಟು ಮರಿ ಉಳಿಯುತ್ತವೆ. ಮರಿ ಉಳಿಸಲೆಂದು ತಾಯಿಯನ್ನು ಇಕ್ಕಟ್ಟಾದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಕೂಡಿಹಾಕಿದರೆ ತಾಯಿಯೇ ಸೊರಗುತ್ತದೆ. ನಮಗೆ ಆ ಪದ್ಧತಿ ಒಪ್ಪಿಗೆಯಿಲ್ಲ.

ಪ್ರಶ್ನೆ: ಶುದ್ಧವಾದ ಆರ್‌ಒ ನೀರನ್ನೇ ಹಾಕುತ್ತೇವೆ. ಆದರೂ ಮೀನುಗಳು ರೆಕ್ಕೆ ಮುದುಡಿಕೊಂಡು ನಿಂತಲ್ಲೇ ನಡುಗುತ್ತವೆ. (ಬೆಂಗಳೂರು)

ತೊಂದರೆ ಆ ನೀರಿನಲ್ಲೇ ಇರಬಹುದು. ಗಪ್ಪಿಗೆ ಗಡಸು ನೀರು ಬೇಕು: ಪಿಎಚ್ 7ರಿಂದ 8, ಗಡಸುತನ ಸುಮಾರು 150ರಿಂದ 300 ಪಿಪಿಎಂ, ಉಷ್ಣತೆ 24ರಿಂದ 28 ಡಿಗ್ರಿ. ಆರ್‌ಒ ಯಂತ್ರ ಹೆಚ್ಚಿನ ಲವಣಗಳನ್ನು ತೆಗೆದುಬಿಡುತ್ತದೆ. ನಮ್ಮ ಬಹುಪಾಲು ಬೋರ್‌ವೆಲ್ ನೀರು ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಆದರೆ ಒಮ್ಮೆಲೇ ಬದಲಿಸಬೇಡಿ. ಮೊದಲು ನೀರಿನಲ್ಲಿ ಅಮೋನಿಯಾ (ಮೀನಿನ ತ್ಯಾಜ್ಯದಿಂದ ಸೇರುವ ವಿಷ) ಇದೆಯೇ ಪರೀಕ್ಷಿಸಿ, ಅದಿದ್ದರೂ ಮೀನು ಹೀಗೇ ನಡುಗುತ್ತದೆ. ಪಿಎಚ್ 7ಕ್ಕಿಂತ ಕಡಿಮೆಯಿರುವ ಆಮ್ಲೀಯ ನೀರಿನಲ್ಲಿ ಅಮೋನಿಯಾ ಅಷ್ಟು ವಿಷಕಾರಿಯಲ್ಲದ ಅಮೋನಿಯಂ ರೂಪದಲ್ಲಿರುತ್ತದೆ; ಬೋರ್‌ವೆಲ್ ನೀರು ಸೇರಿ ಪಿಎಚ್ ಏರಿದ ಕೂಡಲೇ ವಿಷವಾಗುತ್ತದೆ. ಅದು ಕಂಡರೆ ಎರಡು ದಿನ ಆಹಾರ ನಿಲ್ಲಿಸಿ, ಈಗಿರುವಂಥದೇ ನೀರಿನಿಂದ ಬದಲಿಸುತ್ತ ಇಳಿಸಿ. ಆಮೇಲೆ ದಿನಕ್ಕೆ ಟ್ಯಾಂಕಿನ ಹತ್ತನೇ ಒಂದು ಪಾಲಿನಂತೆ ಬೋರ್‌ವೆಲ್ ನೀರು ಸೇರಿಸುತ್ತ ಬನ್ನಿ. ಬೋರ್‌ವೆಲ್ ಇಲ್ಲದಿದ್ದರೆ ತೊಳೆದ ಕಪ್ಪೆಚಿಪ್ಪಿನ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನಲ್ಲಿಡಿ, ನಿಧಾನವಾಗಿ ಕರಗುತ್ತದೆ. ಗೋಡೆಗೆ ಬಳಿಯುವ ಸುಣ್ಣ ಮಾತ್ರ ಬೇಡವೇ ಬೇಡ, ಪಿಎಚ್ ಒಂದೇ ಏಟಿಗೆ ಏರಿ ಮೀನು ಸಾಯುತ್ತದೆ.

ಪ್ರಶ್ನೆ: ಕಾಡಿನ ಗಪ್ಪಿಗೂ ಇಷ್ಟೇ ಬಣ್ಣವಿರುತ್ತದೆಯೇ? (ಮೈಸೂರು)

ಇಲ್ಲ, ಅಗಲ ಬಾಲವೂ ಇರುವುದಿಲ್ಲ. ಅದರ ತವರು ಕೆರಿಬಿಯನ್ ದ್ವೀಪವಾದ ಟ್ರಿನಿಡಾಡ್ ಮತ್ತು ದಕ್ಷಿಣ ಅಮೆರಿಕದ ಈಶಾನ್ಯ ಭಾಗ. ಟ್ರಿನಿಡಾಡಿನ ಉತ್ತರದ ಬೆಟ್ಟಗಳ ತೊರೆಗಳಲ್ಲಿ, ಜಲಪಾತದ ಕೆಳಗೆ ಗಪ್ಪಿ ತಿನ್ನುವ ಪೈಕ್ ಸಿಕ್ಲಿಡ್ ಎಂಬ ಮೀನುಗಳಿರುವಲ್ಲಿ ಗಂಡುಗಳ ಬಣ್ಣ ಮಂಕು. ಆ ಬೇಟೆಗಾರ ಹತ್ತಲಾರದ ಮೇಲ್ಭಾಗದಲ್ಲಿ ಬಣ್ಣ ಜೋರು. 1976ರಲ್ಲಿ ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಅಪಾಯದ ನೀರಿನ ಗಪ್ಪಿಗಳನ್ನು ಅಪಾಯ ಕಡಿಮೆಯಿದ್ದ ತೊರೆಗೆ ಬಿಟ್ಟರು. ಸುಮಾರು ಎರಡೇ ವರ್ಷಗಳಲ್ಲಿ ಅವುಗಳ ಸಂತತಿಯ ಗಂಡುಗಳಲ್ಲಿ ಬಣ್ಣದ ಚುಕ್ಕೆಗಳು ಹೆಚ್ಚಿದ್ದವು.

ಪ್ರಶ್ನೆ: ಹೆಚ್ಚಾದ ಮರಿಗಳನ್ನು ಊರ ಕೆರೆಗೆ ಬಿಡಬಹುದೇ? (ಸಾಗರ)

ದಯವಿಟ್ಟು ಬೇಡ. ಹೊಟ್ಟೆಯಲ್ಲಿ ವೀರ್ಯ ಇಟ್ಟುಕೊಂಡ ಒಂದು ಹೆಣ್ಣು ಸಾಕು, ಕೆರೆ ತುಂಬಲು. ಹಳ್ಳ ಸೇರಿದರೆ ನಮ್ಮ ಮಲೆನಾಡಿನ ಸಣ್ಣ ಮೀನುಗಳ ಆಹಾರಕ್ಕೆ ಪೈಪೋಟಿ. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆ ಗಪ್ಪಿಯನ್ನು ಬಳಸುವುದು ನಿಜ. ನೀವು ಬಿಡುವುದಾದರೆ, ಕೋಡಿ ಹರಿಯದ ತೊಟ್ಟಿಗೆ ಬಿಡಿ.