ಮರದ ಟರ್ಪೆಂಟೈನ್ ಬೇರೆ, ಪೈಂಟ್ ಅಂಗಡಿಯದ್ದು ಬೇರೆ

ಪೆರ್ಲದಿಂದ ಓದುಗರೊಬ್ಬರು ಬರೆದಿದ್ದಾರೆ: "ಅಮ್ಮನಿಗೆ ಮೊಣಕಾಲು ಗಂಟುನೋವು. ಅಜ್ಜ ಇದ್ದಾಗ ಟರ್ಪೆಂಟೈನಿಗೆ ಕರ್ಪೂರ ಹಾಕಿ ತಿಕ್ಕುತ್ತಿದ್ದರು. ಮನೆಗೆ ಪೈಂಟ್ ಮಾಡಿಸಿದಾಗ ಉಳಿದ ಅರ್ಧ ಡಬ್ಬಿ ಇದೆ, ಅದು ಆಗುತ್ತದಾ? ಸಕ್ಕರೆಗೆ ನಾಲ್ಕು ಹನಿ ಬಿಟ್ಟು ಮಕ್ಕಳಿಗೆ ಕೊಟ್ಟರೆ ಹೊಟ್ಟೆಹುಳ ಹೋಗುತ್ತದಂತೆ, ಹೌದಾ?"

ನಮಸ್ಕಾರ. ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೊಡಬೇಡಿ. ಒಂದು ಹನಿಯೂ ಬೇಡ. ಹಿಂದೆ ಹೀಗೆ ಕೊಡುತ್ತಿದ್ದದ್ದು ನಿಜ, ಆಗ ಈಗಿನಂಥ ಮದ್ದು ಇರಲಿಲ್ಲ. ಒಂದು ದೊಡ್ಡ ಚಮಚ, ಅಂದರೆ 15 ಮಿಲಿ, ಹೊಟ್ಟೆಗೆ ಹೋಗಿ ಸಣ್ಣ ಮಗು ಸತ್ತದ್ದು ವೈದ್ಯರ ದಾಖಲೆಯಲ್ಲೇ ಇದೆ. ಇದು ನೀರಿನ ಹಾಗೆ ತೆಳು, ಕೆಮ್ಮಿದರೆ ಸಾಕು, ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಅದಕ್ಕೇ ಯಾರಾದರೂ ತಪ್ಪಿ ಕುಡಿದರೆ ವಾಂತಿ ಮಾಡಿಸಲು ಹೋಗಬಾರದು, ಬಾಟ್ಲಿ ಸಮೇತ ನೇರ ಆಸ್ಪತ್ರೆಗೆ ಓಡಬೇಕು. ಹುಳಕ್ಕೆ ಅಂಗನವಾಡಿಯಲ್ಲಿ, ಶಾಲೆಯಲ್ಲಿ ಅಲ್ಬೆಂಡಜೋಲ್ ಮಾತ್ರೆ ಪುಕ್ಕಟೆ ಕೊಡುತ್ತಾರಲ್ವಾ, ಅದು ಸಾಕು.

ಇನ್ನು ಅಮ್ಮನ ಗಂಟು. ನಿಮ್ಮ ಅಜ್ಜ ತಿಕ್ಕುತ್ತಿದ್ದದ್ದು ಬಹುಶಃ ಮರದ ಎಣ್ಣೆ. ಹಿಮಾಲಯದ ಚೀರ್ ಪೈನ್ ಮರದ ಕಾಂಡಕ್ಕೆ ಗಾಯ ಮಾಡಿ, ಕೆಳಗೆ ಬಟ್ಟಲು ಕಟ್ಟಿ ಅಂಟು ಇಳಿಸುತ್ತಾರೆ, ನಮ್ಮಲ್ಲಿ ರಬ್ಬರ್ ಟ್ಯಾಪಿಂಗ್ ಮಾಡಿದ ಹಾಗೆಯೇ. ಆ ಅಂಟನ್ನು ಹಬೆಯಲ್ಲಿ ಕಾಯಿಸಿದಾಗ ಆವಿಯಾಗಿ ಬಂದು ತಣಿಯುವುದು ಟರ್ಪೆಂಟೈನ್. ತಳದಲ್ಲಿ ಗಟ್ಟಿಯಾಗಿ ಉಳಿಯುವುದು ರೋಸಿನ್, ಅದೂ ಒಂದು ಬಗೆಯ ರಾಳವೇ. ಯಕ್ಷಗಾನದ ಆಟದಲ್ಲಿ ಮಹಿಷಾಸುರ ಬರುವಾಗ ದೊಂದಿಗೆ ರಾಳದ ಹುಡಿ ಎರಚಿದರೆ ಬೆಂಕಿ ಭಗ್ಗನೆ ಏಳುತ್ತದಲ್ಲ, ಮರದ ಅಂಟಿಗೆ ಅಷ್ಟು ಕಸುವು. ಎಣ್ಣೆಯೂ ಹಾಗೆಯೇ, ಒಲೆ ಹತ್ತಿರ ಇಡಲೇಬಾರದು.

ಆದರೆ ನಿಮ್ಮ ಡಬ್ಬಿಯಲ್ಲಿ ಇರುವುದು ಹೆಚ್ಚುಕಡಿಮೆ ಖಂಡಿತ ಮಿನರಲ್ ಟರ್ಪೆಂಟೈನ್. ಅದು ಪೆಟ್ರೋಲಿಯಂನಿಂದ ಬಂದದ್ದು, ಮರಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೂಸಿ ನೋಡಿ. ಮರದ್ದು ಅಂಟಿನ, ಹಸಿ ಮರದ ಪರಿಮಳ, ಇದು ಸೀಮೆಎಣ್ಣೆಯ ವಾಸನೆ. ನಾನೂ ಒಮ್ಮೆ ಅಂಗಡಿಯಲ್ಲಿ "ಅದೇ ಇದು" ಎಂದದ್ದನ್ನು ನಂಬಿ ತಂದು ಭುಜಕ್ಕೆ ತಿಕ್ಕಿ ಮೇಲಿಂದ ಬಿಸಿನೀರಿನ ಚೀಲ ಇಟ್ಟಿದ್ದೆ. ಬೆಳಗ್ಗೆ ಅಂಗೈಯಗಲ ಕೆಂಪು, ಮಧ್ಯದಲ್ಲಿ ಮೂರು ಗುಳ್ಳೆ. ವಾರ ಬೇಕಾಯಿತು ವಾಸಿಯಾಗಲು.

ಅಮ್ಮನಿಗೆ ಮೆಡಿಕಲ್ ಶಾಪಿನಲ್ಲಿ ಟರ್ಪೆಂಟೈನ್ ಲಿನಿಮೆಂಟ್, ಅಂದರೆ ತಿಕ್ಕುವ ಮದ್ದು, ಕೇಳಿ. ಕರ್ಪೂರ ಅದರಲ್ಲೇ ಇರುತ್ತದೆ. ವಿಕ್ಸ್ ಡಬ್ಬಿಯಲ್ಲೂ ಸ್ವಲ್ಪ ಟರ್ಪೆಂಟೈನ್ ಇದೆ, ಲೇಬಲ್ ಓದಿದರೆ ಗೊತ್ತಾಗುತ್ತದೆ. ಇದು ಚರ್ಮ ಬೆಚ್ಚಗೆ ಮಾಡಿ ನೋವು ಮರೆಸುತ್ತದೆ, ಅಷ್ಟೇ, ಸವೆದ ಗಂಟನ್ನು ಸರಿ ಮಾಡುವುದಿಲ್ಲ. ಗಾಯ ಇದ್ದಲ್ಲಿ ಹಚ್ಚಬಾರದು, ಹಚ್ಚಿದ ಮೇಲೆ ಬಟ್ಟೆ ಬಿಗಿಯುವುದು, ಶಾಖ ಕೊಡುವುದು ಬೇಡ. ಹಳೇ ಬಾಟ್ಲಿಯದ್ದಂತೂ ಬೇಡವೇ ಬೇಡ. ಗಾಳಿ ತಾಗಿ ಹಳತಾದಷ್ಟೂ ತುರಿಕೆ, ಅಲರ್ಜಿ ಜಾಸ್ತಿ. ಮೊದಲ ಸಲ ಮೊಣಕೈ ಒಳಬದಿಗೆ ಒಂದು ಹನಿ ಹಚ್ಚಿ ಒಂದು ದಿನ ನೋಡಿ.

ದನದ ಗಾಯಕ್ಕೆ ಹುಳ ಬಿದ್ದರೆ ಮರದ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆ ಇಟ್ಟು ಹುಳ ಹೊರಡಿಸುವುದು ಪಶುವೈದ್ಯರೂ ಮಾಡುವ ಕೆಲಸ. ಹೊಟ್ಟೆ ಉಬ್ಬರಕ್ಕೆ ಅಗಸೆ ಎಣ್ಣೆಯಲ್ಲಿ ಬೆರೆಸಿ ಕುಡಿಸುವುದೂ ಉಂಟು. ಆದರೆ ನಮ್ಮ ಕಾಸರಗೋಡು ಗಿಡ್ಡ ತಳಿಯ ದನದ ಮೈ ಎಷ್ಟು ಸಣ್ಣದು ನೋಡಿ. ಅಳತೆ ಡಾಕ್ಟರ್ ಹೇಳಿದ ಮೇಲೆಯೇ.

ಹಾಗಾದರೆ ಆ ಅರ್ಧ ಡಬ್ಬಿ ಏನು ಮಾಡುವುದು? ಹಲಸಿನ ಮರದ ಹಳೇ ಬಾಗಿಲು ಇದ್ದರೆ ಪಾಲಿಶ್ ಮಾಡಿ. ಒಂದು ಪಾಲು ಜೇನುಮೇಣವನ್ನು ಬಿಸಿನೀರಿನ ಮೇಲಿಟ್ಟ ಪಾತ್ರೆಯಲ್ಲಿ ಕರಗಿಸಿ, ಅಂಗಳಕ್ಕೆ ತಂದು, ಮೂರು ಪಾಲು ಟರ್ಪೆಂಟೈನ್ ಹಾಕಿ ಕಲಕಿ. ತಣಿದಾಗ ಬೆಣ್ಣೆಯ ಹಾಗಾಗುತ್ತದೆ. ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಚೆನ್ನಾಗಿ ಉಜ್ಜಿ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹೊರಗೆ ಹರಡಿ ಒಣಗಿಸಿ.